ಎಸ್‌ವಿಟಿಗೆ (ಹೃದಯ ಇದ್ದಕ್ಕಿದ್ದಂತೆ ಜೋರಾಗಿ ಓಡುವ ಕಾಯಿಲೆ) ಮಾತ್ರೆ ನಾಟುತ್ತಿಲ್ಲ. ಅಬ್ಲೇಶನ್ (ಹೃದಯದೊಳಗೆ ಕರೆಂಟ್ ಸುತ್ತುವ ತಪ್ಪು ದಾರಿಯನ್ನು ಸುಡುವ ಚಿಕಿತ್ಸೆ) ಕೊನೆಗೆ ನೋಡೋಣ ಅಂತ ಬಿಡಬಹುದೇ?

ಕೊನೆಗೆ ಯಾಕೆ? ನಾನೂ ಹಾಗೇ ಅಂದುಕೊಂಡು ಆರು ವರ್ಷ ಕಳೆದೆ.

ನನ್ನದು ಎವಿಎನ್‌ಆರ್‌ಟಿ, ಎಸ್‌ವಿಟಿಯಲ್ಲೇ ಒಂದು ಬಗೆ. ಊಟಕ್ಕೆ ಕೂತಾಗ ಟಕ್ ಅಂತ ಶುರು, ಬಡಿತ 190. ಕುತ್ತಿಗೆಯೊಳಗೆ ಕಪ್ಪೆ ಕುಪ್ಪಳಿಸಿದ ಹಾಗೆ. ಉಸಿರು ಬಿಗಿಹಿಡಿದು ತಿಣುಕಿದರೆ ಕೆಲವು ಸಲ ನಿಲ್ಲುತ್ತಿತ್ತು. ಇಲ್ಲದಿದ್ದರೆ ಎಮರ್ಜೆನ್ಸಿಗೆ ಓಡಿ, ಆ ಓಟ ನಿಲ್ಲಿಸುವ ಅಡೆನೊಸಿನ್ ಚುಚ್ಚಿಸಿಕೊಳ್ಳಬೇಕು. ಹೃದಯವೇ ನಿಂತ ಹಾಗನ್ನಿಸುವ ಆ ಕೆಲವು ಸೆಕೆಂಡು ಬೇಡಪ್ಪಾ ಬೇಡ.

ಕೊನೆಗೂ ಅಬ್ಲೇಶನ್‌ಗೆ ಒಪ್ಪಿದೆ. ಐದು ದಿನ ಮೊದಲು ಮೆಟೊಪ್ರೊಲಾಲ್ (ಬಡಿತ ತಗ್ಗಿಸುವ ನನ್ನ ಮಾತ್ರೆ) ನಿಲ್ಲಿಸಿ ಅಂತ ಡಾಕ್ಟರ್ ಚೀಟಿಯಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದರು. ನಿಲ್ಲಿಸಿದೆ. ಹಿಂದಿನ ರಾತ್ರಿ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬಸ್. ದಾರಿಯಲ್ಲೇ ಶುರುವಾದರೆ? ಆ ಹೆದರಿಕೆಗೆ ನಿದ್ದೆಯಿಲ್ಲ. ಚಿತ್ರದುರ್ಗದ ಹತ್ತಿರ ಚಹಾಕ್ಕೆ ನಿಲ್ಲಿಸಿದಾಗ ಒಂದು ಮಾತ್ರೆ ನುಂಗಿಬಿಟ್ಟೆ. ಅದೂ ದಿನಪೂರ್ತಿ ಕೆಲಸ ಮಾಡುವ ಎಕ್ಸ್‌ಎಲ್. ಬೆಳಿಗ್ಗೆ ಜೂನಿಯರ್ ಡಾಕ್ಟರ್ "ಮಾತ್ರೆ ನಿಲ್ಸಿದೀರಾ?" ಅಂದರು. "ಹ್ಞೂಂ ಸರ್" ಅಂದೆ. ಪಕ್ಕದಲ್ಲಿದ್ದ ಹೆಂಡತಿಗೂ ಹೇಳಿರಲಿಲ್ಲ.

ಇದರಿಂದ ಏನಾಯಿತು ಗೊತ್ತಾ? ಅಬ್ಲೇಶನ್‌ನಲ್ಲಿ ಡಾಕ್ಟರ್ ನೇರವಾಗಿ ಸುಡುವುದಿಲ್ಲ. ತೊಡೆಸಂದಿಯ ರಕ್ತನಾಳದಿಂದ ಸಣ್ಣ ವೈರ್‌ಗಳನ್ನು ಹೃದಯಕ್ಕೆ ಬಿಟ್ಟು, ಕರೆಂಟಿನಿಂದ ಕೆಣಕಿ, ಆ ಓಟವನ್ನು ಬೇಕಂತಲೇ ಬರಿಸುತ್ತಾರೆ. ಬಂದರೆ ತಾನೇ ಯಾವ ದಾರಿಯಲ್ಲಿ ಸುತ್ತುತ್ತಿದೆ ಅಂತ ಗೊತ್ತಾಗೋದು! ನಾನು ನುಂಗಿದ ಮಾತ್ರೆಯ ಕೆಲಸವೇ ಅದನ್ನು ಬರದಂತೆ ತಡೆಯೋದು. ಒಂದೂವರೆ ಗಂಟೆ ಕೆಣಕಿದರು, ಡ್ರಿಪ್‌ನಲ್ಲಿ ಬಡಿತ ಏರಿಸುವ ಔಷಧಿಯನ್ನೂ ಬಿಟ್ಟರು. ಏನೂ ಇಲ್ಲ. ಮೆಕ್ಯಾನಿಕ್ ಮುಂದೆ ಗಾಡಿ ಸದ್ದೇ ಮಾಡಲ್ಲ ನೋಡಿ, ಹಾಗೆ. ಸುಮ್ನೆ ಅಂದಾಜಿಗೆ ಸುಡೋಣ ಅಂದರೆ, ಪಕ್ಕದಲ್ಲೇ ಎವಿ ನೋಡ್, ಹೃದಯದ ಮೇಲಿನ ಕೋಣೆಯಿಂದ ಕೆಳಗಿನದಕ್ಕೆ ಕರೆಂಟ್ ದಾಟಿಸುವ ಗಂಟು. ಅದಕ್ಕೆ ಪೆಟ್ಟಾದರೆ ಪೇಸ್‌ಮೇಕರ್ ಗತಿ. ಬಿಲ್ ಕಟ್ಟಿ, ತೊಡೆಗೆ ಬ್ಯಾಂಡೇಜ್ ಹಾಕಿಸಿಕೊಂಡು ಬಂದ ದಾರಿಯಲ್ಲೇ ವಾಪಸ್ ಹೋದೆ.

ನಾಲ್ಕು ತಿಂಗಳ ನಂತರ ಮತ್ತೆ ಹೋದೆ. ಈ ಸಲ ಮಾತ್ರೆಯ ಡಬ್ಬಿ ಹೆಂಡತಿಯ ಬ್ಯಾಗಿನಲ್ಲಿ. ಕೆಣಕಿದ ಐದೇ ನಿಮಿಷಕ್ಕೆ ಆ ಓಟ ಬಂತು. "ಇದೇನಾ ನಿಮಗೆ ಬರೋದು?" ಅಂದರು. ಇದೇ ಸಾರ್! ಎಚ್ಚರವಾಗಿಯೇ ಇದ್ದೆ, ಸುಡುವಾಗ ಎದೆಯಲ್ಲಿ ಸ್ವಲ್ಪ ಬಿಸಿ ಅನ್ನಿಸಿತು, ಅಷ್ಟೇ. ಆಮೇಲೆ ಕಾಲು ಮಡಚದೆ ಆರು ಗಂಟೆ ಮಲಗಿದ್ದೇ ಜಾಸ್ತಿ ಕಷ್ಟ. ಮೂರು ವರ್ಷವಾಯಿತು, ಕಪ್ಪೆ ಮತ್ತೆ ಕುಪ್ಪಳಿಸಿಲ್ಲ.

ನಿಮ್ಮ ಇಸಿಜಿಯಲ್ಲೂ ಎವಿಎನ್‌ಆರ್‌ಟಿ ಅಂತ ಇದ್ದು, ಪದೇ ಪದೇ ಕಾಡುತ್ತಿದ್ದರೆ ಕಾಯಬೇಡಿ. 2019ರ ಯುರೋಪಿನ ಮಾರ್ಗಸೂಚಿ ಕೂಡ ಅಬ್ಲೇಶನ್ ಅನ್ನು ಕೊನೆಗೆ ಇಟ್ಟಿಲ್ಲ. 100ರಲ್ಲಿ 95ಕ್ಕಿಂತ ಜಾಸ್ತಿ ಜನಕ್ಕೆ ವಾಸಿಯಾಗುತ್ತೆ. ಏಟ್ರಿಯಲ್ ಫಿಬ್ರಿಲೇಶನ್ (ಹೃದಯದ ಮೇಲಿನ ಕೋಣೆ ತಾಳ ತಪ್ಪಿ ನಡುಗುವ ಕಾಯಿಲೆ) ಆಗಿದ್ದರೆ ಮಾತ್ರ ಲೆಕ್ಕ ಬೇರೆ. ಅದು ಮರುಕಳಿಸೋದು ಜಾಸ್ತಿ, ಎರಡನೇ ಸಲವೂ ಮಾಡಿಸಬೇಕಾಗಬಹುದು. ನನ್ನ ಕಥೆ ಓದಿ, ಅದಕ್ಕೆ ಕೊಡುವ ರಕ್ತ ತೆಳುವಾಗಿಸುವ ಮಾತ್ರೆಯನ್ನಂತೂ ನೀವಾಗಿಯೇ ನಿಲ್ಲಿಸಬೇಡಿ.

ಹೋಗುವ ಮುಂಚೆ ಡಾಕ್ಟರನ್ನು ಒಂದು ಮಾತು ಕೇಳಿ: ಮಾತ್ರೆ ಬಿಟ್ಟಾಗ ದಾರಿಯಲ್ಲಿ ಬಂದರೆ ಏನು ಮಾಡಲಿ? ನಾನು ಎರಡನೇ ಸಲ ಕೇಳಿದೆ. ಡಾಕ್ಟರ್ ನಕ್ಕರು. "ಹತ್ತಿರದ ಆಸ್ಪತ್ರೆಗೆ ಹೋಗಿ. ಆಗಿನ ಇಸಿಜಿ ಮಾತ್ರ ಮರೀದೆ ತಗೊಂಡು ಬನ್ನಿ, ನಮಗೇ ಒಳ್ಳೇದು."