ಹಸಿರು ಬಟನ್ನಿನ ಮೇಲೆ ಇಪ್ಪತ್ತು ನಿಮಿಷ

ಪ್ರಶ್ನೆ: ಮೇಡಂ, ನಾನು ವಿಮಾ ಕಂಪನಿಯೊಂದರಲ್ಲಿ ಡಿಸೈನರ್. ಕ್ಲೇಮ್ ಸಲ್ಲಿಸುವ ಆ್ಯಪ್ ಅನ್ನು ಐದು ತಿಂಗಳು ಕುಳಿತು ಹೊಸದಾಗಿ ವಿನ್ಯಾಸ ಮಾಡಿದೆವು. ಹಿರಿಯ ಅಧಿಕಾರಿಗಳಿಗೆ ತೋರಿಸಲು ಅರ್ಧ ಗಂಟೆ ಸಿಕ್ಕಿತು. 38 ಸ್ಲೈಡ್ ಮಾಡಿಕೊಂಡು ಹೋಗಿದ್ದೆ. ಆರನೆಯದು ಬರುತ್ತಿದ್ದಂತೆ ವ್ಯವಸ್ಥಾಪಕ ನಿರ್ದೇಶಕರು ‘ಈ ಬಟನ್ ಯಾಕೆ ಹಸಿರು?’ ಎಂದರು. ಅಲ್ಲಿಂದ ಇಪ್ಪತ್ತು ನಿಮಿಷ ಬಣ್ಣದ್ದೇ ಚರ್ಚೆ. ಒಬ್ಬರಿಗೆ ನೀಲಿ ಬೇಕು, ಇನ್ನೊಬ್ಬರಿಗೆ ಕಿತ್ತಳೆ. ಕೊನೆಗೆ ‘ಮುಂದಿನ ತಿಂಗಳು ನೋಡೋಣ’ ಎಂದು ಎದ್ದು ಹೋದರು. ಅವರಿಗೆ ವಿನ್ಯಾಸ ಅರ್ಥವಾಗುವುದಿಲ್ಲವೇ? ಸ್ಲೈಡ್‌ಗಳನ್ನು ಲಗತ್ತಿಸಿದ್ದೇನೆ. ಮುಂದಿನ ಸಲ ಮೂರು ಮಾದರಿ ಮಾಡಿಕೊಂಡು ಹೋಗುತ್ತೇನೆ.
– ಹೆಸರು ಬೇಡ ಎಂದಿರುವ ಓದುಗರು

ಉತ್ತರ: ನಿಮ್ಮ ಪತ್ರ ಓದಿ ನಗು ಬಂತು, ಕ್ಷಮಿಸಿ. ನಕ್ಕಿದ್ದು ನಿಮ್ಮನ್ನು ನೋಡಿ ಅಲ್ಲ. ಇಪ್ಪತ್ತಾರು ವರ್ಷ ಇದೇ ಕೆಲಸ ಮಾಡಿದವಳು ನಾನು. ಅಂಥ ಕೋಣೆಗಳಿಂದ ಲ್ಯಾಪ್‌ಟಾಪ್ ಮಡಚಿಕೊಂಡು ಎಷ್ಟು ಸಲ ಹೊರಬಂದಿದ್ದೇನೋ ಲೆಕ್ಕವಿಲ್ಲ.

ರಾಮಾಯಣವನ್ನೆಲ್ಲ ಕೇಳಿ ರಾಮನಿಗೂ ಸೀತೆಗೂ ಏನು ಸಂಬಂಧ ಎಂದು ಕೇಳಿದರಂತೆ. ಆ ಗಾದೆಯಲ್ಲಿ ತಪ್ಪು ಕೇಳಿದವನದೇ ಎಂದು ನಾವೆಲ್ಲ ನಂಬಿಕೊಂಡಿದ್ದೇವೆ. ಹೇಳಿದವನು ಸೀತೆಯನ್ನು ಮೂವತ್ತೊಂದನೆಯ ಸ್ಲೈಡಿನಲ್ಲಿ ಇಟ್ಟಿದ್ದನೋ ಏನೋ, ವಿಚಾರಿಸಿದವರು ಯಾರು?

ನೀವಂತೂ ಅಲ್ಲೇ ಇಟ್ಟಿದ್ದೀರಿ. ಮೊದಲ ಸ್ಲೈಡ್ ತಂಡದ ಪರಿಚಯ. ಎರಡರಿಂದ ಐದು, ಸಂಶೋಧನೆ ಹೇಗೆ ನಡೆಸಿದಿರಿ ಎಂಬ ವಿವರ. ಆರನೆಯದು ಹೊಸ ಮುಖಪುಟ, ಹಸಿರು ಬಟನ್ ಸಮೇತ. ಅರ್ಜಿಯ 23 ಪ್ರಶ್ನೆಗಳಲ್ಲಿ 9 ಪ್ರಶ್ನೆಗಳ ಉತ್ತರ ಕಂಪನಿಯ ಬಳಿ ಮೊದಲೇ ಇದೆ, ಅವನ್ನು ಕೇಳುವುದೇ ಬೇಡ ಎಂಬ ನಿಮ್ಮ ನಿಜವಾದ ಮಾತು ಬರುವುದು ಮೂವತ್ತೊಂದರಲ್ಲಿ! ಅಲ್ಲಿಯವರೆಗೆ ಅವರು ಏನು ಮಾಡಬೇಕಿತ್ತು? ತಮ್ಮಿಂದ ಯಾವ ತೀರ್ಮಾನ ಬೇಕಾಗಿದೆ ಎಂದು ತಿಳಿಯದವರು ತಮಗೆ ತೀರ್ಮಾನಿಸಲು ಬರುವುದನ್ನು ಹುಡುಕುತ್ತಾರೆ. ಬಣ್ಣದ ಬಗ್ಗೆ ಅಭಿಪ್ರಾಯ ಇಲ್ಲದವರು ಯಾರಿದ್ದಾರೆ?

ಆದ್ದರಿಂದ ಮುಂದಿನ ತಿಂಗಳು ಮೂವತ್ತೊಂದನೆಯದನ್ನು ಮೊದಲಿಗೆ ತನ್ನಿ. ‘ಈ 9 ಪ್ರಶ್ನೆಗಳನ್ನು ಕೈಬಿಡಲು ಇವತ್ತು ನಿಮ್ಮ ಒಪ್ಪಿಗೆ ಬೇಕು’ ಎಂದು ಒಂದೇ ವಾಕ್ಯ ಹಾಕಿ. ಅದರ ಕೆಳಗೆ, ಒಪ್ಪಿದರೆ ಯಾರ ಕೆಲಸ ಬದಲಾಗುತ್ತದೆ ಎಂದು ಬರೆಯಿರಿ. ನನ್ನ ಊಹೆ ಸರಿಯಾಗಿದ್ದರೆ ಕಾನೂನು ವಿಭಾಗದವರು ಮೊದಲು ತಕರಾರು ತೆಗೆಯುತ್ತಾರೆ. ಅವರ ಮುಖ್ಯಸ್ಥರನ್ನು ಸಭೆಗೆ ಎರಡು ದಿನ ಮುಂಚೆಯೇ ಕಂಡು ಆ ಒಂಬತ್ತನ್ನು ಒಂದೊಂದಾಗಿ ತೋರಿಸಿ. ಎರಡು ಪ್ರಶ್ನೆ ಇರಲೇಬೇಕು ಎಂದಾರು. ಇರಲಿ ಬಿಡಿ, ಏಳು ಹೋದರೂ ಲಾಭವೇ. ಸಂಶೋಧನೆಯ ಸ್ಲೈಡ್‌ಗಳು ಕೊನೆಯಲ್ಲಿರಲಿ, ಯಾರಾದರೂ ಕೇಳಿದರೆ ತೆಗೆದು ತೋರಿಸಿದರಾಯಿತು.

ಇನ್ನು ಆ ಹಸಿರು. ನಿಮಗೆ ಹಿಡಿಸದ ಮಾತೊಂದನ್ನು ಹೇಳಲೇಬೇಕು. ತಿಳಿಹಸಿರಿನ ಮೇಲೆ ಬಿಳಿ ಅಕ್ಷರ ಇಟ್ಟಿದ್ದೀರಿ. ಓದುವ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ನಡುವೆ ಕನಿಷ್ಠ 4.5ಕ್ಕೆ 1ರಷ್ಟು ಹೊಳಪಿನ ವ್ಯತ್ಯಾಸ ಇರಬೇಕೆಂದು ವೆಬ್ ಸುಗಮತೆಯ ಮಾರ್ಗಸೂಚಿ ಹೇಳುತ್ತದೆ. ದೊಡ್ಡ ಅಕ್ಷರಕ್ಕಾದರೆ 3ಕ್ಕೆ 1 ಸಾಕು. ನಿಮ್ಮದನ್ನು ಅಳೆದು ನೋಡಿದೆ, ಎರಡಕ್ಕೂ ಮುಟ್ಟುವುದಿಲ್ಲ. ಉದ್ದ ಮೇಜಿನ ಆ ತುದಿಯಲ್ಲಿ ಕುಳಿತ, ಕನ್ನಡಕ ಹಾಕಿದ ಹಿರಿಯರೊಬ್ಬರು ‘ಯಾಕೆ ಹಸಿರು’ ಎಂದರೆ, ‘ನನಗೆ ಓದಲು ಆಗುತ್ತಿಲ್ಲ’ ಎಂಬುದೇ ಅದರ ಅರ್ಥವಾಗಿರಬಹುದು. ಹತ್ತು ಜನರ ಎದುರು ಕಣ್ಣು ಕಾಣುತ್ತಿಲ್ಲ ಎಂದು ಒಪ್ಪಿಕೊಳ್ಳುವ ಅಧಿಕಾರಿಯನ್ನು ನಾನಿನ್ನೂ ನೋಡಿಲ್ಲ. ಇಂಥ ಪ್ರಶ್ನೆ ಬಂದಾಗ ಬಣ್ಣವನ್ನು ಸಮರ್ಥಿಸಲು ಹೊರಡಬೇಡಿ. ‘ಓದಲು ಕಷ್ಟವಾಗುತ್ತಿದೆಯೇ, ಅಥವಾ ಬೇರೆ ಏನಾದರೂ ನೆನಪಾಗುತ್ತಿದೆಯೇ?’ ಎಂದು ಕೇಳಿ, ಉತ್ತರವನ್ನು ಅವರ ಕಣ್ಣೆದುರೇ ಬರೆದುಕೊಂಡು ಮುಂದೆ ಹೋಗಿ.

ಮೂರು ಮಾದರಿ ಮಾಡಿಕೊಂಡು ಹೋಗುತ್ತೇನೆ ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಬೇಡ. ನಾನು ಒಮ್ಮೆ ಹಾಗೆ ಮಾಡಿದ್ದೆ. ಎರಡು ಮಾದರಿ ಸುಮ್ಮನೆ ಲೆಕ್ಕಕ್ಕೆ, ಮೂರನೆಯದೇ ನನ್ನದು. ಅವರು ಮೊದಲನೆಯದರ ತಲೆ, ಎರಡನೆಯದರ ಹೊಟ್ಟೆ, ನನ್ನದರ ಬಾಲ ಸೇರಿಸಿ ‘ಇದನ್ನು ಮಾಡಿ’ ಎಂದರು. ಮಾಡಿದೆ. ಒಂದೂವರೆ ವರ್ಷ ಅದು ಗ್ರಾಹಕರ ಮುಂದೆ ಓಡಾಡಿಕೊಂಡಿತ್ತು, ನನಗೆ ಅದನ್ನು ನೋಡಲು ಆಗುತ್ತಿರಲಿಲ್ಲ.

1986ರಲ್ಲಿ ಸ್ಟೀವ್ ಜಾಬ್ಸ್ ತಮ್ಮ ನೆಕ್ಸ್ಟ್ ಕಂಪನಿಗೆ ಲಾಂಛನ ಮಾಡಿಕೊಡಲು ಪಾಲ್ ರ್‍ಯಾಂಡ್ ಅವರನ್ನು ಕೇಳಿದರು. 1 ಲಕ್ಷ ಡಾಲರ್ ಶುಲ್ಕಕ್ಕೆ ರ್‍ಯಾಂಡ್ ಕೊಟ್ಟದ್ದು ಒಂದೇ ಲಾಂಛನ. ಈ ಕಥೆ ಕೇಳಿದ ಎಳೆಯ ಡಿಸೈನರ್‌ಗಳು ಅವರ ಹಟವನ್ನಷ್ಟೇ ಕಲಿಯುತ್ತಾರೆ. ಐಬಿಎಂ ಲಾಂಛನ ಮಾಡಿದ ಮನುಷ್ಯನಿಗೆ ಆ ಹಟ ನಡೆಯುತ್ತಿತ್ತು, ನಮಗೆ ನಡೆಯುವುದಿಲ್ಲ. ನಾವು ಕಲಿಯಬೇಕಾದದ್ದು ಲಾಂಛನದ ಜೊತೆ ಅವರು ಕೊಟ್ಟ ಪುಸ್ತಿಕೆಯಿಂದ. ನಾಲ್ಕು ಇಂಗ್ಲಿಷ್ ಅಕ್ಷರಗಳಲ್ಲಿ ‘ಇ’ ಮಾತ್ರ ಯಾಕೆ ಸಣ್ಣಕ್ಷರ, ಅಕ್ಷರಗಳು ಯಾಕೆ ಘನದ ಮೇಲೆ ಕುಳಿತವು ಎಂದು ಪುಟಪುಟವಾಗಿ ನಡೆಸಿಕೊಂಡು ಹೋಗಿ ಕೊನೆಗೆ ಲಾಂಛನ ತೋರಿಸುತ್ತದೆ ಅದು. ಮೊದಲ ಪುಟದಲ್ಲೇ ತೀರ್ಮಾನ ಕೇಳಿ ಎಂದು ಈಗಷ್ಟೇ ಹೇಳಿದವಳು ಕೊನೆಯ ಪುಟವನ್ನು ಹೊಗಳುತ್ತಿದ್ದೇನೆ ಎನ್ನಬೇಡಿ. ಲಾಂಛನ ಬೇಕೆಂದು ಜಾಬ್ಸ್ ತಾವೇ ಕೇಳಿ ಕಾಯುತ್ತಿದ್ದರು. ಪ್ರಶ್ನೆಗಳನ್ನು ತೆಗೆಯಿರಿ ಎಂದು ನಿಮ್ಮನ್ನು ಯಾರೂ ಕೇಳಿರಲಿಲ್ಲ.

ಪ್ರಶ್ನೆ: ಐದು ಬಳಕೆದಾರರೊಂದಿಗೆ ಪರೀಕ್ಷೆ ನಡೆಸಿ ‘ಶೇ 80ರಷ್ಟು ಬಳಕೆದಾರರು ಎಡವುತ್ತಾರೆ’ ಎಂದು ತೋರಿಸಿದೆ. ‘ಐದು ಜನರ ಮಾತಿಗೆ ಇಷ್ಟು ಖರ್ಚು ಮಾಡಬೇಕೆ?’ ಎಂದು ಹಣಕಾಸು ಮುಖ್ಯಸ್ಥರು ತಳ್ಳಿಹಾಕಿದರು. ಏನು ಉತ್ತರ ಕೊಡಬೇಕಿತ್ತು?

ಉತ್ತರ: ಐದರಲ್ಲಿ ನಾಲ್ಕನ್ನು ಶೇಕಡಾ ಮಾಡಿದಿರಲ್ಲ, ಅಲ್ಲೇ ಸೋತಿರಿ. ಅಂಕಿಗಳಲ್ಲೇ ಜೀವನ ಕಳೆದ ಮನುಷ್ಯನ ಮುಂದೆ ಅಂಕಿಯನ್ನು ಊದಿಸಿ ತೋರಿಸಬಾರದು. ಐದು ಜನ ಸಾಕೆಂದು 2000ದಲ್ಲಿ ಬಳಕೆ-ಸುಲಭತೆಯ ತಜ್ಞ ಯಾಕೋಬ್ ನೀಲ್ಸನ್ ಬರೆದದ್ದು ತೊಡಕುಗಳನ್ನು ಪತ್ತೆಹಚ್ಚುವುದಕ್ಕೆ. ಅಷ್ಟು ಜನರಲ್ಲೇ ಸುಮಾರು ಶೇ 85ರಷ್ಟು ತೊಡಕುಗಳು ಕಣ್ಣಿಗೆ ಬೀಳುತ್ತವೆ ಎಂಬುದು ಅವರ ಲೆಕ್ಕ. ಗ್ರಾಹಕರಲ್ಲಿ ಎಷ್ಟು ಜನ ಎಡವುತ್ತಾರೆ ಎಂದು ಎಣಿಸುವುದು ಬೇರೆಯೇ ಕೆಲಸ, ಅದಕ್ಕೆ ಐದು ಜನ ಸಾಲುವುದಿಲ್ಲ. ‘ಐದು ಜನರಲ್ಲಿ ನಾಲ್ವರು ಇದೇ ಜಾಗದಲ್ಲಿ ನಿಂತರು’ ಎಂದು ಇದ್ದದ್ದನ್ನು ಇದ್ದಂತೆ ಹೇಳಿ. ಜೊತೆಗೆ ನಲವತ್ತು ಸೆಕೆಂಡಿನ ವಿಡಿಯೊ ಇರಲಿ, ಬಳಸಿದವರ ಅನುಮತಿ ಪಡೆದು, ಬೆರಳು ಮತ್ತು ಪರದೆ ಮಾತ್ರ ಕಾಣುವಂತೆ. ಒಮ್ಮೆ ನಾನು ತೋರಿಸಿದ ತುಣುಕಿನಲ್ಲಿ ಒಬ್ಬರು ಶೀರ್ಷಿಕೆಯನ್ನೇ ಬಟನ್ ಎಂದು ತಿಳಿದು ಒತ್ತುತ್ತಲೇ ಇದ್ದರು. ನಾಲ್ಕನೆಯ ಸಲ ಒತ್ತುವಾಗ ಹಣಕಾಸಿನವರೇ ‘ಅಯ್ಯೋ, ಕೆಳಗಿದೆಯಪ್ಪ’ ಎಂದು ಗೋಡೆಗೆ ಹೇಳಿದರು. ಆಮೇಲೆ ಖರ್ಚಿನ ಮಾತು ಬರಲಿಲ್ಲ ಎಂದೇನಲ್ಲ, ಬಂತು. ಆದರೆ ಎಷ್ಟು ದಿನದಲ್ಲಿ ಸರಿಪಡಿಸುತ್ತೀರಿ ಎಂದು ಕೇಳಿದ ಮೇಲೆ.

ಪ್ರಶ್ನೆ: ಸಾರಾಸಗಟಾಗಿ ತಿರಸ್ಕರಿಸಿದ ವಿನ್ಯಾಸವನ್ನು ಮತ್ತೆ ಅವರ ಮುಂದೆ ಒಯ್ಯುವುದು ಉದ್ಧಟತನವಾಗುತ್ತದೆಯೇ?

ಉತ್ತರ: ಲಂಡನ್ನಿನ ಸುರಂಗ ರೈಲಿನ ನಕ್ಷೆಯನ್ನು ಹ್ಯಾರಿ ಬೆಕ್ 1931ರಲ್ಲಿ ಹೊಸದಾಗಿ ಬಿಡಿಸಿದರು. ನಿಲ್ದಾಣಗಳ ನಿಜವಾದ ದೂರವನ್ನು ಬದಿಗಿಟ್ಟು, ನೇರ ಮತ್ತು ಓರೆ ಗೆರೆಗಳಲ್ಲಿ. ರೈಲು ಸಂಸ್ಥೆ ಬೇಡವೆಂದಿತು. ಅವರು ಮತ್ತೆ ಒಯ್ದರು. ಸಂಸ್ಥೆಯವರು ಮೊದಲು ಕೆಲವೇ ಪ್ರತಿಗಳನ್ನು ಪ್ರಯೋಗಕ್ಕೆಂದು ಹಂಚಿ, 1933ರಲ್ಲಿ ಜೇಬಿನ ನಕ್ಷೆಯಾಗಿ ಅಚ್ಚು ಹಾಕಿದರು. ನೀವೂ ಒಯ್ಯಿರಿ. ಆದರೆ ಕಳೆದ ಸಲದ ಆಕ್ಷೇಪಗಳನ್ನು ಅವರದೇ ಮಾತುಗಳಲ್ಲಿ ಮೊದಲ ಪುಟದಲ್ಲಿ ಬರೆದು, ಯಾವುದಕ್ಕೆ ಏನು ಬದಲಾಯಿಸಿದಿರಿ, ಯಾವುದನ್ನು ಬದಲಾಯಿಸಲಿಲ್ಲ ಎಂದು ಎದುರಿಗೆ ಹಾಕಿ. ಈ ಸಲ ಪೂರ್ತಿ ಆ್ಯಪ್‌ಗೆ ಒಪ್ಪಿಗೆ ಕೇಳಬೇಡಿ. ಒಂದು ಪರದೆ, ನೂರು ಗ್ರಾಹಕರು, ಎರಡು ವಾರ. ಅಷ್ಟು ಕೇಳಿ.