ಎಲ್‌ಇಡಿ ಜಾಕೆಟ್‌ನ ನೂಲು ಕಪ್ಪಾಗಿದ್ದಕ್ಕೆ

ನಿಮ್ಮ ಜಾಕೆಟ್‌ನ ದೀಪ ಮಂಕಾಗಲು ಕಾರಣ ಬ್ಯಾಟರಿ ಅಲ್ಲ, ದೀಪಕ್ಕೆ ಕರೆಂಟ್ ಒಯ್ಯುವ ಬೆಳ್ಳಿ ಲೇಪದ ನೈಲಾನ್ ನೂಲೇ ಹೋಗಿರಬೇಕು. ಕಾರವಾರದ ಬೈತಖೋಲ ಬಂದರಿನಿಂದ ದೋಣಿಗೆ ಹೋಗುವ ಅಣ್ಣನ ಜಾಕೆಟ್‌ಗೆ ನೀವು ದೀಪ ಹೊಲಿದಿದ್ದಿರಿ. ಹೊಸ ಬ್ಯಾಟರಿ ಹಾಕಿದರೂ ಮಂಕು, ಪ್ಲಸ್ ಕಡೆಯ ನೂಲು ಮಾತ್ರ ಕಪ್ಪು ಅಂದಿರಿ. ಅದೇ ಸುಳಿವು. ಬಟ್ಟೆ ಉಪ್ಪುನೀರು ಕುಡಿದಾಗ ಪ್ಲಸ್, ಮೈನಸ್ ಎರಡು ನೂಲಿನ ನಡುವೆ ಕರೆಂಟ್ ಸೋರುತ್ತದೆ. ಪ್ಲಸ್ ಕಡೆಯ ಬೆಳ್ಳಿ ಸಿಲ್ವರ್ ಕ್ಲೋರೈಡ್ ಆಗುತ್ತದೆ, ಬಿಸಿಲಿಗೆ ಕಪ್ಪಾಗುತ್ತದೆ, ಕರೆಂಟ್ ಬಿಡುವುದಿಲ್ಲ. ಬರೀ ಗಾಳಿಯಿಂದಾಗಿದ್ದರೆ ಎರಡೂ ಒಂದೇ ತರ ಕಪ್ಪಾಗಬೇಕಿತ್ತು, ಅಲ್ವಾ?

ಮೊದಲು ಬ್ಯಾಟರಿ ಕಳಚಿ. ಸಿಹಿನೀರಲ್ಲಿ ಜಾಲಿಸಿ, ನೆರಳಲ್ಲಿ ಪೂರ್ತಿ ಒಣಗಿಸಿ. ಮಲ್ಟಿಮೀಟರ್ ಓಮ್‌ಗೆ (ಕರೆಂಟ್‌ಗೆ ಎಷ್ಟು ತಡೆ ಅಂತ ಅಳೆಯುವ ಕಡೆಗೆ) ಇಟ್ಟು ಎರಡೂ ನೂಲನ್ನು ಗೇಣು ಗೇಣಾಗಿ ಅಳೆಯಿರಿ. ಪ್ಲಸ್ ಕಡೆ ಜಾಸ್ತಿ ತೋರಿಸಿದರೆ ಆ ನೂಲು ಬಿಚ್ಚಲೇಬೇಕು. ಸುಮ್ನೆ ಉಜ್ಜಿ ಹೊಳಪು ಬರಿಸಲು ಹೋಗಬೇಡಿ, ಉಳಿದ ಲೇಪವೂ ಎದ್ದುಹೋಗುತ್ತದೆ. ಎರಡೂ ಒಂದೇ ಸಮ ಬಂದರೆ ಗಂಟೋ ಟಿಚ್ ಬಟನ್ನೋ ಸಡಿಲ ಇರಬಹುದು. ಫೋಟೋ ನೋಡದೆ ಯಾವುದು ಅಂತ ಹೇಳಲಾರೆ.

ಬದಲಿಗೆ ಸ್ಟೇನ್‌ಲೆಸ್ ಸ್ಟೀಲ್ ನೂಲು ಹಾಕಿ. ಅದಕ್ಕೆ ಸಾಮಾನ್ಯ ಬೆಸುಗೆ ಹಿಡಿಯುವುದಿಲ್ಲ, ಎಲ್‌ಇಡಿ ಕಾಲಿಗೆ ಬಿಗಿಯಾಗಿ ನಾಲ್ಕೈದು ಸುತ್ತು ಸುತ್ತಿ. ಎರಡು ಸಾಲುಗಳ ನಡುವೆ ಆದಷ್ಟು ದೂರ ಬಿಡಿ. ಗಂಟುಗಳ ಮೇಲೆ ಸಿಲಿಕೋನ್ ಅಂಟು ಹಚ್ಚಿ. ವಿನೆಗರ್ ವಾಸನೆಯದ್ದು ಬೇಡ, ಅದರ ಆಮ್ಲವೇ ಲೋಹ ತಿನ್ನುತ್ತದೆ. ಅಂಗಡಿಯಲ್ಲಿ ‘ನ್ಯೂಟ್ರಲ್ ಕ್ಯೂರ್’ ಕೇಳಿ. ಸ್ಟೀಲ್ ಆದರೂ ಕಾರವಾರದ ಗಾಳಿಗೆ ಬಾಗಿಲ ಚಿಲಕವೇ ತಾಳಲ್ಲ, ಹಾಗಾಗಿ ಅಣ್ಣ ದಡಕ್ಕೆ ಬಂದ ಕೂಡಲೇ ಬ್ಯಾಟರಿ ತೆಗೆದು ಸಿಹಿನೀರಲ್ಲಿ ತೊಳೆಯಲಿ.

ಅದು ಲೈಫ್ ಜಾಕೆಟ್ ಆಗಿದ್ದರೆ ಮಾತ್ರ ಸೂಜಿ ಚುಚ್ಚಬೇಡಿ. ದೀಪವನ್ನು ಬೇರೆ ಪಟ್ಟಿಗೆ ಹೊಲಿದು ಮೇಲಿಂದ ಕಟ್ಟಿ.