ಕಲಬುರಗಿಯಲ್ಲಿ ಸಣ್ಣ ರೂಟಿಗೆ ಯಾವ ಮಿಠಾಯಿ ಯಂತ್ರ ಕೊಳ್ಳಬೇಕು?

ಕಲಬುರಗಿ ನಗರದೊಳಗೆ ಹತ್ತು ಯಂತ್ರಗಳ ಸಣ್ಣ ರೂಟೊಂದನ್ನು, ಅಂದರೆ ಅಲ್ಲಲ್ಲಿ ಅಂಗಡಿಗಳಲ್ಲಿ ಯಂತ್ರ ಇಟ್ಟು ಸುತ್ತಿ ಬಂದು ಮಾಲು ತುಂಬಿ ಹಣ ತೆಗೆಯುವ ವ್ಯಾಪಾರವನ್ನು, ಆರಂಭಿಸಬೇಕೆಂದಿರುವಿರಿ. ನಾಣ್ಯ ಹಾಕಿ ಹಿಡಿ ತಿರುಗಿಸಿದರೆ ಬಿಡಿ ಮಿಠಾಯಿ ಬೀಳುವ ಯಂತ್ರಗಳಲ್ಲಿ ಮೂರು ಡಬ್ಬಿಗಳ ಪ್ಲಾಸ್ಟಿಕ್ ಯಂತ್ರ ಲೇಸೋ, ಒಂದೇ ಡಬ್ಬಿಯ ಲೋಹದ ಯಂತ್ರ ಲೇಸೋ ಎಂದು ಕೇಳಿದ್ದೀರಿ. ನಾನು ಇದೇ ಊರಿನಲ್ಲಿ ಏಳು ವರ್ಷಗಳಿಂದ ಇಂಥ ಹದಿನಾಲ್ಕು ಯಂತ್ರಗಳನ್ನು ನಡೆಸುತ್ತಿದ್ದೇನೆ. ಒಂದೇ ಡಬ್ಬಿಯ, ಲೋಹದ ಮೈಯ ಯಂತ್ರವನ್ನೇ ಕೊಳ್ಳಿರಿ ಎಂಬುದು ನನ್ನ ಸಲಹೆ. ಆದರೆ ಅದಕ್ಕೂ ಮೊದಲು ನಿಮ್ಮ ಯಂತ್ರ ಯಾವ ನಾಣ್ಯಕ್ಕೆ ನಡೆಯಬೇಕೆಂಬುದನ್ನು ತೀರ್ಮಾನಿಸಿಕೊಳ್ಳಬೇಕು. ನಾನು ಕಳೆದುಕೊಂಡ ಹಣದ ಹೆಚ್ಚಿನ ಪಾಲು ಆ ಒಂದು ತೀರ್ಮಾನವನ್ನು ಮಾರಾಟಗಾರನಿಗೆ ಬಿಟ್ಟುಕೊಟ್ಟಿದ್ದರಿಂದಲೇ ಹೋಯಿತು.

ಈ ಯಂತ್ರಗಳಿಗೆ ವಿದ್ಯುತ್ ಬೇಕಿಲ್ಲ. ಬೇಸಿಗೆಯಲ್ಲಿ ಗಂಟೆಗಟ್ಟಲೆ ಕರೆಂಟ್ ಹೋಗುವ ನಮ್ಮ ಕಡೆಗೆ ಇದೇ ದೊಡ್ಡ ಅನುಕೂಲ. ಒಳಗಿನ ಕೆಲಸವೂ ಸರಳವಾಗಿದೆ. ಹಿಡಿಯ ಹಿಂದೆ ನಾಣ್ಯ ಕೂರುವ ಗೂಡಿರುತ್ತದೆ. ಗೂಡು ಖಾಲಿಯಿದ್ದರೆ ಅಥವಾ ಅದರಲ್ಲಿ ಸಣ್ಣ ನಾಣ್ಯವಿದ್ದರೆ ಸ್ಪ್ರಿಂಗಿನ ಬಲದಿಂದ ಒಂದು ಕೊಕ್ಕೆ ಒಳಗಿಳಿದು ಹಿಡಿಯನ್ನು ತಡೆಯುತ್ತದೆ, ಸರಿಯಾದ ಅಗಲದ ನಾಣ್ಯವಿದ್ದರೆ ಆ ಕೊಕ್ಕೆ ನಾಣ್ಯದ ಮೇಲೆ ಜಾರಿಹೋಗಿ ಹಿಡಿ ಪೂರ್ತಿ ಸುತ್ತುತ್ತದೆ. ಆಗ ಡಬ್ಬಿಯ ತಳದಲ್ಲಿರುವ ಅಳತೆಯ ಚಕ್ರ ತಿರುಗಿ, ಅದರ ಒಂದು ಖಾನೆಯಲ್ಲಿ ತುಂಬಿದ ಮಿಠಾಯಿ ರಂಧ್ರದ ಮೂಲಕ ಕೆಳಗೆ ಬೀಳುತ್ತದೆ. ಖಾನೆಯ ಮೇಲೆ ಉಳಿದ ಕಾಳುಗಳನ್ನು ಒಂದು ಬ್ರಶ್ ಒರೆಸಿ ಹಿಂದಕ್ಕೆ ತಳ್ಳುತ್ತದೆ. ಯಂತ್ರ ನಾಣ್ಯವನ್ನು ತೂಗುವುದಿಲ್ಲ, ಅದರ ಮೇಲಿನ ಅಂಕಿಯನ್ನು ಓದುವುದೂ ಇಲ್ಲ. ಅದಕ್ಕೆ ತಿಳಿಯುವುದು ಅಗಲ, ಮತ್ತು ತಕ್ಕಮಟ್ಟಿಗೆ ದಪ್ಪ, ಇಷ್ಟೇ.

ನಾನು ಮೊದಲು ಕೊಂಡಿದ್ದು ಮೂರು ಡಬ್ಬಿಗಳ ಆರು ಯಂತ್ರಗಳನ್ನು. ಬೇರೆ ಊರಿನ ಮಾರಾಟಗಾರರೊಬ್ಬರು ಐದು ರೂಪಾಯಿಗೆ ಹೊಂದಿಸಿ ಕೊಟ್ಟಿದ್ದರು. ಮೊದಲ ವರ್ಷ ಏನೂ ತಿಳಿಯಲಿಲ್ಲ. ಆಮೇಲೆ 2019ರ ಮಾರ್ಚ್‌ನಲ್ಲಿ ಬಿಡುಗಡೆಯಾಗಿದ್ದ ಹೊಸ ಸರಣಿಯ ನಾಣ್ಯಗಳು ಸಂತೆ ಪೇಟೆಗಳಲ್ಲಿ ಹೆಚ್ಚುತ್ತ ಬಂದಂತೆ ನನ್ನ ಹಣದ ಡಬ್ಬಿಗಳಲ್ಲಿ ಎರಡು ರೂಪಾಯಿಯ ನಾಣ್ಯಗಳು ಕಾಣಿಸತೊಡಗಿದವು, ಜೊತೆಗೆ 'ನಿಮ್ಮ ಯಂತ್ರ ಐದು ರೂಪಾಯಿ ಹಿಡಿಯುವುದಿಲ್ಲ' ಎಂಬ ದೂರುಗಳೂ ಬಂದವು. ಅಳತೆಪಟ್ಟಿ ಹಿಡಿದು ನೋಡಿದಾಗ ಕಾರಣ ಸ್ಪಷ್ಟವಾಯಿತು. ಹಳೆಯ ಐದು ರೂಪಾಯಿ 23 ಮಿ.ಮೀ. ಅಗಲ, ಹೊಸ ಸರಣಿಯದು 25 ಮಿ.ಮೀ.; ಆದರೆ ಹೊಸ ಸರಣಿಯ ಎರಡು ರೂಪಾಯಿ ಸರಿಯಾಗಿ 23 ಮಿ.ಮೀ. ಇದೆ, 2011ರ ಸರಣಿಯ ಎರಡು ರೂಪಾಯಿ 25 ಮಿ.ಮೀ. ಇದೆ. ಅಂದರೆ ಗೂಡನ್ನು 23ಕ್ಕೆ ಕೊರೆಸಿದರೂ 25ಕ್ಕೆ ಕೊರೆಸಿದರೂ ಯಾವುದೋ ಒಂದು ಎರಡು ರೂಪಾಯಿ ಐದರ ಜಾಗದಲ್ಲಿ ಕೂತುಬಿಡುತ್ತದೆ. ಇದರ ಮೇಲೆ 9 ಗ್ರಾಂ ತೂಕದ ಹಳೆಯ ದಪ್ಪ ಐದು ರೂಪಾಯಿ ಗೂಡಿನಲ್ಲಿ ಸಿಕ್ಕಿಕೊಂಡರೆ ಸ್ಕ್ರೂ ಬಿಚ್ಚದೆ ಹೊರಬರುವುದಿಲ್ಲ. ಐದು ರೂಪಾಯಿಯ ಯಂತ್ರವನ್ನು ಯಾರು ಎಷ್ಟೇ ಅಗ್ಗವಾಗಿ ಕೊಟ್ಟರೂ ಬೇಡವೆನ್ನುವುದು ಇದಕ್ಕಾಗಿಯೇ.

ಎರಡು ಲೋಹದ ಹತ್ತು ರೂಪಾಯಿಯ ನಾಣ್ಯ ಎಲ್ಲ ವಿನ್ಯಾಸಗಳಲ್ಲೂ 27 ಮಿ.ಮೀ. ಇದೆ. ಆದ್ದರಿಂದ ನಾನು ಕೊನೆಗೆ ಅದನ್ನೇ ಆರಿಸಿಕೊಂಡೆ. ಅದಕ್ಕೂ ಎರಡು ತೊಡಕುಗಳಿವೆ. 2005ರಿಂದ 2011ರವರೆಗೆ ಬಂದ ಉಕ್ಕಿನ ಎರಡು ರೂಪಾಯಿಯೂ 27 ಮಿ.ಮೀ.; ಅದು ತೆಳುವಾಗಿರುವುದರಿಂದ ದಪ್ಪವನ್ನು ನೋಡುವ ಒಳ್ಳೆಯ ಮೆಕ್ಯಾನಿಸಂ (ಹಿಡಿಯ ಹಿಂದಿನ ಗೂಡು, ಕೊಕ್ಕೆಗಳ ಜೋಡಣೆ) ಅದನ್ನು ತಡೆಯುತ್ತದೆ, ಸಡಿಲವಾದದ್ದು ಬಿಟ್ಟುಬಿಡುತ್ತದೆ. ಹನ್ನೆರಡು ಮೂಲೆಗಳ ಇಪ್ಪತ್ತು ರೂಪಾಯಿಯೂ 27 ಮಿ.ಮೀ. ಇರುವುದರಿಂದ ಗ್ರಾಹಕರು ತಪ್ಪಿ ಹಾಕಿದರೆ ಅವರಿಗೆ ಹತ್ತು ರೂಪಾಯಿ ನಷ್ಟವಾಗುತ್ತದೆ. ಹಾಗಾಗಿ 'ಹತ್ತು ರೂಪಾಯಿ ಮಾತ್ರ' ಎಂದು ಗೂಡಿನ ಪಕ್ಕದಲ್ಲೇ ದೊಡ್ಡ ಅಕ್ಷರಗಳಲ್ಲಿ ಬರೆಸಿ, ಅಂಗಡಿಯವರ ಬಳಿ ಹಿಂದಿರುಗಿಸಲು ಸ್ವಲ್ಪ ಚಿಲ್ಲರೆ ಇಟ್ಟಿರಿ.

ಹತ್ತರ ನಾಣ್ಯವನ್ನು ನಮ್ಮ ಜಿಲ್ಲೆಗಳಲ್ಲಿ ಬಹಳಷ್ಟು ಅಂಗಡಿಯವರು ಈಗಲೂ ತೆಗೆದುಕೊಳ್ಳುವುದಿಲ್ಲವೆಂಬ ನಿಮ್ಮ ಆತಂಕ ನಿಜ. ಹದಿನಾಲ್ಕು ವಿನ್ಯಾಸಗಳೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲೇ ಸ್ಪಷ್ಟಪಡಿಸಿದ್ದರೂ ಹಳೆಯ ಗುಮಾನಿ ಪೂರ್ತಿ ಹೋಗಿಲ್ಲ. ಆದರೆ ನನ್ನ ಅನುಭವದಲ್ಲಿ ಇದು ಅನುಕೂಲವಾಗಿಯೇ ಪರಿಣಮಿಸಿದೆ. ಬೇರೆಲ್ಲೂ ನಡೆಯದ ನಾಣ್ಯವನ್ನು ಜನ ನನ್ನ ಯಂತ್ರಕ್ಕೆ ಸಂತೋಷದಿಂದ ಹಾಕುತ್ತಾರೆ, ಬ್ಯಾಂಕು ನನ್ನಿಂದ ಅದನ್ನು ತೆಗೆದುಕೊಳ್ಳುತ್ತದೆ. ನೂರು ನೂರರ ಪ್ಲಾಸ್ಟಿಕ್ ಚೀಲಗಳಾಗಿ ಕಟ್ಟಿಕೊಂಡು ಹೋದರೆ ಕೌಂಟರಿನಲ್ಲಿ ತಕರಾರು ಕಡಿಮೆ. ಹಳೆಯ ಹತ್ತರ ನಾಣ್ಯ 7.71 ಗ್ರಾಂ, ಹೊಸದು 7.74 ಗ್ರಾಂ ಇರುವುದರಿಂದ ನೂರು ನಾಣ್ಯಗಳ ಚೀಲ 771ರಿಂದ 774 ಗ್ರಾಂ ತೂಗಬೇಕು. ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟು ನೋಡಿದರೆ ಎಣಿಕೆ ತಪ್ಪಿದೆಯೇ, ನಡುವೆ ಎರಡು ರೂಪಾಯಿ ಸೇರಿದೆಯೇ ಎಂಬುದು ಬಹುಮಟ್ಟಿಗೆ ಆ ಕ್ಷಣವೇ ತಿಳಿಯುತ್ತದೆ.

ಫೋನಿನಿಂದ ಹಣ ಪಾವತಿಸುವವರೇ ಹೆಚ್ಚಾದ ಈ ಕಾಲದಲ್ಲಿ ನಾಣ್ಯ ಇಲ್ಲದವರಿಗೇನು ಮಾಡುವುದೆಂದು ನೀವು ಕೇಳಬಹುದು. ಕ್ಯೂಆರ್ ಜೋಡಿಸಿದ ಯಂತ್ರಕ್ಕೆ ವಿದ್ಯುತ್ ಮತ್ತು ನೆಟ್‌ವರ್ಕ್ ಎರಡೂ ಬೇಕು; ಹತ್ತು ಯಂತ್ರಗಳ ರೂಟಿನಲ್ಲಿ ಆ ಖರ್ಚಿನಷ್ಟು ಗಳಿಕೆ ಹುಟ್ಟುವುದಿಲ್ಲ. ನಾನು ಸಂಗ್ರಹವಾದ ನಾಣ್ಯಗಳಲ್ಲೇ ಐವತ್ತನ್ನು ಪ್ರತಿ ಅಂಗಡಿಯ ಗಲ್ಲಾದಲ್ಲಿ ಇಟ್ಟು ಬರುತ್ತೇನೆ. ಗ್ರಾಹಕರು ಅಂಗಡಿಯವರಿಗೆ ಫೋನಿನಲ್ಲಿ ಹತ್ತು ರೂಪಾಯಿ ಹಾಕಿ ನಾಣ್ಯ ಪಡೆಯುತ್ತಾರೆ, ವಾರಕ್ಕೊಮ್ಮೆ ಲೆಕ್ಕ ಮುಗಿಸುತ್ತೇವೆ.

ಇನ್ನು ಡಬ್ಬಿಗಳ ವಿಷಯ. ಮೂರು ಡಬ್ಬಿಗಳಿದ್ದರೆ ಮೂರು ಪಟ್ಟು ವ್ಯಾಪಾರವಾಗುತ್ತದೆ ಎಂಬ ಮಾತನ್ನು ನಂಬಬೇಡಿರಿ. ಒಂದು ಜಾಗಕ್ಕೆ ಬರುವ ಜನರ ಸಂಖ್ಯೆ ಅಷ್ಟೇ ಇರುತ್ತದೆ. ಅವರ ನಾಣ್ಯಗಳು ಮೂರು ಡಬ್ಬಿಗಳಿಗೆ ಹಂಚಿಹೋಗಿ, ಒಂದು ಬಗೆ ಖಾಲಿಯಾಗುವ ಹೊತ್ತಿಗೆ ಉಳಿದೆರಡು ಹಳತಾಗಿರುತ್ತವೆ. ಜೊತೆಗೆ ನನ್ನ ಪ್ಲಾಸ್ಟಿಕ್ ಯಂತ್ರಗಳ ಹಲ್ಲುಚಕ್ರಗಳು ಎರಡನೆಯ ಬೇಸಿಗೆಯಲ್ಲೇ ಸವೆದವು, ಮುಚ್ಚಳಗಳು ಬಿರುಕುಬಿಟ್ಟವು, ಬಿಡಿಭಾಗ ಕೇಳಿದರೆ ಮಾರಾಟಗಾರರಿಂದ ಉತ್ತರವೇ ಬರಲಿಲ್ಲ. ಎರಕದ ಲೋಹದ ಮೈ, ಕಳಚಿ ಹಾಕಬಹುದಾದ ಲೋಹದ ಮೆಕ್ಯಾನಿಸಂ, ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಡಬ್ಬಿ, ಭಾರವಾದ ಕಬ್ಬಿಣದ ಪಾದ ಇರುವ ಯಂತ್ರ ದುಬಾರಿಯೇ. ಆದರೂ ಇದರಲ್ಲಿ ಕೆಟ್ಟದ್ದು ಒಂದು ಭಾಗವಾದರೆ ಬದಲಿಸುವುದೂ ಆ ಒಂದೇ ಭಾಗವನ್ನು. ವಿದೇಶದ ಬಳಸಿದ ಯಂತ್ರಗಳು ಅಗ್ಗವಾಗಿ ಸಿಗುತ್ತವೆ, ಗಟ್ಟಿಯಾಗಿಯೂ ಇರುತ್ತವೆ. ಆದರೆ ಅಮೆರಿಕದ ಕಾಲು ಡಾಲರ್ ನಾಣ್ಯಕ್ಕೆಂದು ಮಾಡಿದ ಗೂಡು 24.26 ಮಿ.ಮೀ. ಅಳತೆಯದು, ನಮ್ಮ ಯಾವ ನಾಣ್ಯಕ್ಕೂ ಹೊಂದದು. ಹತ್ತು ರೂಪಾಯಿಗೆ ಕೊರೆದ ಮೆಕ್ಯಾನಿಸಂ ಕೈಗೆ ಬರುವವರೆಗೆ ಅಂಥ ಯಂತ್ರಕ್ಕೆ ಹಣ ಕೊಡಬೇಡಿರಿ.

ಅಳತೆಯ ಚಕ್ರದ ಖಾನೆಯನ್ನು ಹಿಗ್ಗಿಸಿ ಕುಗ್ಗಿಸಲು ಬರುವಂತಿರಬೇಕು, ಏಕೆಂದರೆ ಲಾಭ ನಿರ್ಧಾರವಾಗುವುದು ಅಲ್ಲಿಯೇ. ಉದಾಹರಣೆಗೆ, ಕಿಲೋಗೆ 160 ರೂಪಾಯಿಯ ಮಾಲನ್ನು ಒಂದು ಸುತ್ತಿಗೆ 20 ಗ್ರಾಂ ಕೊಟ್ಟರೆ ಮಾಲಿನ ಖರ್ಚು 3 ರೂಪಾಯಿ 20 ಪೈಸೆ, ಅಂಗಡಿಯವರಿಗೆ ಶೇ. 20ರಂತೆ 2 ರೂಪಾಯಿ ಹೋದರೆ ಉಳಿಯುವುದು 4 ರೂಪಾಯಿ 80 ಪೈಸೆ, ಅದರಲ್ಲೇ ನಿಮ್ಮ ಪೆಟ್ರೋಲು ಬರಬೇಕು. ಖಾನೆ ಸಡಿಲವಾಗಿ 30 ಗ್ರಾಂ ಬೀಳತೊಡಗಿದರೆ ಮಾಲಿನ ಖರ್ಚೇ 4 ರೂಪಾಯಿ 80 ಪೈಸೆಯಾಗುತ್ತದೆ. ನಾನು ಪ್ರತಿ ಸಲ ಮಾಲು ತುಂಬಿದ ಮೇಲೆ ಐದು ಸುತ್ತು ಬೀಳಿಸಿ ತೂಗಿ ನೋಡುತ್ತೇನೆ.

ಮಾಲಿನ ಆಯ್ಕೆಯಲ್ಲಿ ನಮ್ಮ ಬಿಸಿಲನ್ನು ಮರೆತರೆ ಯಂತ್ರ ಎಷ್ಟು ಒಳ್ಳೆಯದಾಗಿದ್ದರೂ ಉಪಯೋಗವಿಲ್ಲ. ಚಾಕಲೇಟಿನಲ್ಲಿರುವ ಕೋಕೋ ಬೆಣ್ಣೆ ಸುಮಾರು 34 ಡಿಗ್ರಿಗೆ ಕರಗುತ್ತದೆ, ಕಲಬುರಗಿಯ ಏಪ್ರಿಲ್ ಮೇ ತಿಂಗಳುಗಳು 40 ದಾಟುತ್ತವೆ. ಸಕ್ಕರೆಯ ಕವಚವಿರುವ ಚಾಕಲೇಟ್ ಗುಂಡುಗಳೂ ಒಳಗೆ ಕರಗಿ, ಕವಚ ಒಡೆದು, ಚಕ್ರಕ್ಕೆ ಅಂಟಿಕೊಳ್ಳುತ್ತವೆ. ಸುತ್ತಲೂ ಒಳ್ಳೆಯ ಶೇಂಗಾ ಸಿಗುತ್ತದೆಂದು ಹುರಿದ ಶೇಂಗಾ ತುಂಬಿ ನೋಡಿದ್ದೆ. ಎಣ್ಣೆ ಬಿಟ್ಟು ಬ್ರಶ್ ಜಿಡ್ಡಾಯಿತು, ಮೂರು ವಾರಕ್ಕೆ ಕಮಟು ವಾಸನೆ ಬಂತು. ವರ್ಷವಿಡೀ ನಡೆಯುವುದು ಸಕ್ಕರೆ ಲೇಪಿಸಿದ ಬಡೇಸೋಪಿನ ಗೋಲಿ. ಖಾನಾವಳಿಗಳಲ್ಲಿ ರೊಟ್ಟಿ ಊಟ ಮುಗಿಸಿದವರು ಅದನ್ನು ತಾವೇ ಕೇಳುತ್ತಾರೆ, ನನ್ನ ಅತ್ಯುತ್ತಮ ನಾಲ್ಕು ಜಾಗಗಳು ಖಾನಾವಳಿಗಳೇ. ಮಳೆಗಾಲದಲ್ಲಿ ಪೆಪ್ಪರಮಿಂಟು ತೇವ ಹೀರಿ ಒಂದಕ್ಕೊಂದು ಅಂಟುವುದರಿಂದ ಡಬ್ಬಿಯನ್ನು ಅರ್ಧ ಮಾತ್ರ ತುಂಬಿರಿ. ಇರುವೆ ಹತ್ತದಂತೆ ಯಂತ್ರ ನಿಂತಿರುವ ಕಂಬದ ಸುತ್ತ ನಾಲ್ಕು ಬೆರಳಗಲ ವ್ಯಾಸಲೀನ್ ಹಚ್ಚುತ್ತೇನೆ, ಆಹಾರದ ಬಳಿ ಔಷಧಿ ಬಳಸುವುದಿಲ್ಲ. ಸೇಡಂ ರಸ್ತೆಯಂಥ ಧೂಳಿನ ಕಡೆಗಳಲ್ಲಿ ಮಿಠಾಯಿ ಬೀಳುವ ಬಾಯಿಗೆ ತಾನಾಗಿ ಮುಚ್ಚಿಕೊಳ್ಳುವ ಬಾಗಿಲು ಇರಲೇಬೇಕು.

ಶಾಲೆಗಳ ಕಡೆಗೆ ಮನಸ್ಸು ಹೋಗುವುದು ಸಹಜ. ದಯವಿಟ್ಟು ಅದನ್ನು ಬಿಡಿರಿ. ಸಕ್ಕರೆ ಹೆಚ್ಚಿರುವ ತಿನಿಸುಗಳನ್ನು ಶಾಲೆಯ ಆವರಣದಲ್ಲಿ ಮತ್ತು ಗೇಟಿನಿಂದ 50 ಮೀಟರಿನೊಳಗೆ ಮಾರುವುದನ್ನು ಆಹಾರ ಸುರಕ್ಷತೆಯ ಕೇಂದ್ರ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2020ರ ನಿಯಮಗಳು ತಡೆಯುತ್ತವೆ. ನಿಯಮವಿಲ್ಲದಿದ್ದರೂ ನಾನು ಇಡುತ್ತಿರಲಿಲ್ಲ. ಗಟ್ಟಿ ಗುಂಡು ಮಿಠಾಯಿ ತೀರ ಚಿಕ್ಕ ಮಕ್ಕಳ ಗಂಟಲಿಗೆ ಅಡ್ಡಬೀಳಬಹುದೆಂಬ ಎಚ್ಚರಿಕೆಯನ್ನು ಪ್ರತಿ ಯಂತ್ರದ ಮೇಲೂ ಅಂಟಿಸಿದ್ದೇನೆ. 2024ರ ಮಾರ್ಚ್‌ನಲ್ಲಿ ನಮ್ಮ ಸರ್ಕಾರ ಕೃತಕ ಬಣ್ಣದ ಬಾಂಬೆ ಮಿಠಾಯಿಯನ್ನು ನಿಷೇಧಿಸಿದ ಮೇಲೆ ತಾಯಂದಿರು ಬಣ್ಣದ ಬಗ್ಗೆ ವಿಚಾರಿಸುತ್ತಾರೆ, ವಿಚಾರಿಸಬೇಕು ಕೂಡ. ಅದಕ್ಕೆ ಪರವಾನಗಿ ಸಂಖ್ಯೆ ಮತ್ತು ತಯಾರಿಕೆಯ ದಿನಾಂಕವಿರುವ ಚೀಲದ ಮಾಲನ್ನಷ್ಟೇ ಕೊಂಡು, ಆ ಚೀಟಿಯನ್ನೇ ಡಬ್ಬಿಯ ಬೆನ್ನಿಗೆ ಅಂಟಿಸುತ್ತೇನೆ. ನಿಮ್ಮ ಹೆಸರಿನಲ್ಲೂ ಆಹಾರ ವ್ಯಾಪಾರದ ನೋಂದಣಿ ಮಾಡಿಸಿಕೊಂಡೇ ಮೊದಲ ಯಂತ್ರ ಇಡಿರಿ.

ಬೀದರಿಗೂ ವಿಸ್ತರಿಸುವ ಯೋಚನೆಯನ್ನು ನೀವು ಬರೆದಿದ್ದೀರಿ. ಹೋಗಿ ಬರಲು ಇನ್ನೂರು ಕಿಲೋಮೀಟರಿಗೂ ಹೆಚ್ಚು. ಒಂದು ನಾಣ್ಯ ಸಿಕ್ಕಿಕೊಂಡಿತೆಂದು ಅಷ್ಟು ದೂರ ಓಡಲಾಗುವುದಿಲ್ಲ. ಮೊದಲ ವರ್ಷ ಜೇವರ್ಗಿ ರಸ್ತೆ, ಸೂಪರ್ ಮಾರ್ಕೆಟ್, ಆಳಂದ ರಸ್ತೆ, ಹೀಗೆ ಬೈಕಿನಲ್ಲಿ ಅರ್ಧ ದಿನದಲ್ಲಿ ಸುತ್ತಿ ಬರುವಷ್ಟರಲ್ಲೇ ಇರಿ.

ಹತ್ತನ್ನೂ ಒಟ್ಟಿಗೆ ಕೊಳ್ಳದೆ ಎರಡನ್ನು ತನ್ನಿರಿ. ಕೊಳ್ಳಲು ಹೋಗುವಾಗ ಜೇಬಿನಲ್ಲಿ ಹತ್ತು ರೂಪಾಯಿಯ ಬೇರೆ ಬೇರೆ ವಿನ್ಯಾಸದ ಇಪ್ಪತ್ತು ನಾಣ್ಯಗಳು, 27 ಮಿ.ಮೀ.ನ ಹಳೆಯ ಎರಡು ರೂಪಾಯಿಗಳು, ಒಂದು ಇಪ್ಪತ್ತರ ನಾಣ್ಯ, ಅರ್ಧ ಕಿಲೋ ಬಡೇಸೋಪಿನ ಗೋಲಿ ಇರಲಿ. ಮಾರಾಟಗಾರರ ಎದುರಿಗೇ ಗೋಲಿ ತುಂಬಿ ಎಲ್ಲ ನಾಣ್ಯಗಳನ್ನೂ ಹಾಕಿ ತಿರುಗಿಸಿ. ಆಮೇಲೆ ನೀವೇ ಸ್ಕ್ರೂಡ್ರೈವರ್ ಹಿಡಿದು ಮೆಕ್ಯಾನಿಸಂ ಬಿಚ್ಚಿ ಮತ್ತೆ ಕೂರಿಸಿ ನೋಡಿ. ಎರಡು ಯಂತ್ರಗಳ ಬೀಗಕ್ಕೂ ಒಂದೇ ಕೀಲಿ ಬರುವಂತೆ ಕೇಳಿ ಪಡೆಯಿರಿ, ಜೊತೆಗೆ ಒಂದು ಹೆಚ್ಚುವರಿ ಮೆಕ್ಯಾನಿಸಂ ಮತ್ತು ಎರಡು ಬ್ರಶ್‌ಗಳನ್ನು ಅದೇ ಬಿಲ್ಲಿನಲ್ಲಿ ಬರೆಸಿಕೊಳ್ಳಿರಿ.